ಹಂಪನಕಟ್ಟೆಯಲ್ಲಿ ರೂಮು ಹಿಡಿದಿದ್ದೀಯಂತೆ

ಅಳಕೆ, ಮಂಗಳೂರು
ಗುರುವಾರ ರಾತ್ರಿ

ಪ್ರೀತಿಯ ಮಗಳೇ,

ಹಲಸಿನ ಹಪ್ಪಳದ ಕಟ್ಟಿನೊಳಗೆ ಕಾಗದ ಕಂಡು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಸೌಖ್ಯ. ರಾತ್ರಿ ಬಸ್ಸಿನ ಹುಡುಗನ ಕೈಯಲ್ಲಿ ಪಾರ್ಸೆಲ್ ಕೊಟ್ಟಿದ್ದೇನೆ. ಭಾನುವಾರ ಫೋನಿನಲ್ಲಿ ಆದ ಮಾತನ್ನು ಮತ್ತೆ ಬರೆಯುವುದಿಲ್ಲ. ನೀನು ಹೇಳಿದ್ದು ನಿನಗೆ ಗೊತ್ತು, ನಾನು ಫೋನು ಕುಕ್ಕಿದ್ದು ನನಗೆ ಗೊತ್ತು. ನಿನ್ನ ಅಮ್ಮ ಆಮೇಲೆ ಎರಡು ದಿನ ನನ್ನೊಂದಿಗೆ ಆಡಿದ್ದು "ಸಾರು ಬೇಕೇ" ಎಂಬ ಮಾತು ಮಾತ್ರ. ನೀನು ಆಡಿದ ಒಂದು ಶಬ್ದ ಕಿವಿಯಲ್ಲಿ ಕುಳಿತುಬಿಟ್ಟಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಂಗಳವಾರ ಅವಳೇ ಮೊಬೈಲ್ ತಂದು ಮುಂದಿಟ್ಟಳು. ನೀನು ಅವಳಿಗೆ ಕಳುಹಿಸಿದ ಪಟ್ಟಿ. ಶನಿವಾರ ಬೆಳಿಗ್ಗೆ 5.30ಕ್ಕೆ ಬಸ್ಸಿನಿಂದ ಇಳಿಯುವುದು, 6.15ಕ್ಕೆ ಹಂಪನಕಟ್ಟೆಯ ಹೋಟೆಲು, 8.00ಕ್ಕೆ ತಿಂಡಿ, 9.00ಕ್ಕೆ ಅಲೋಶಿಯಸ್ ಚಾಪೆಲ್. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಸಿಟ್ಟು ಇಳಿದಿರಲಿಲ್ಲ, ಆದರೂ ಒಳಗೊಳಗೇ ಖುಷಿಯಾಯಿತು. ಎಡಕ್ಕೆ ಜಾಗ, ಬಲಕ್ಕೆ ಗಂಟೆ, ನಡುವೆ ನೇರ ಗೆರೆ. ಇಪ್ಪತ್ತೆಂಟು ವರ್ಷ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತು ನಾನು ಬರೆದ ಶೀಟುಗಳು ಹೀಗೆಯೇ ಇರುತ್ತಿದ್ದವು. ಬೆಂಗಳೂರಿನ ಕಚೇರಿಯಲ್ಲಿ ಕಲಿತೆಯೋ, ರಕ್ತದಲ್ಲಿಯೇ ಬಂತೋ.

ಆದರೆ ಟೈಮ್ ಕೀಪರನ ಕಣ್ಣಿಗೆ ಬಿದ್ದದ್ದನ್ನು ಹೇಳದೆ ಇರಲಾರೆ. ಒಂದೇ ದಿನದಲ್ಲಿ ಚಾಪೆಲ್, ಕದ್ರಿ, ಪಿಲಿಕುಳ, ಪಣಂಬೂರು, ಸುರತ್ಕಲ್ ದೀಪಸ್ತಂಭ, ಸಂಜೆ ಕುದ್ರೋಳಿ! ಒಂದರಿಂದ ಇನ್ನೊಂದಕ್ಕೆ ಹತ್ತು ನಿಮಿಷ ಇಟ್ಟಿದ್ದೀಯ. ಒಬ್ಬಳೇ ಹೋಗುವುದಾದರೂ ಅದು ಸಾಲದು, ನೀವು ಆರು ಜನ. ಒಬ್ಬಳಿಗೆ ಚಪ್ಪಲಿ ಕಚ್ಚುತ್ತದೆ, ಒಬ್ಬಳಿಗೆ ಫೋಟೋ ಸರಿಬಂದಿರುವುದಿಲ್ಲ, ಒಬ್ಬಳು ಹೊರಡುವ ಹೊತ್ತಿಗೇ ಶೌಚಾಲಯ ಹುಡುಕುತ್ತಾಳೆ. ಪಿಲಿಕುಳವನ್ನು ಹೊಡೆದುಹಾಕು. ವಾಮಂಜೂರಿಗೆ ಹೋಗಿ ಬರುವುದರಲ್ಲಿಯೇ ಅರ್ಧ ದಿನ ಮುಗಿಯುತ್ತದೆ. ಕದ್ರಿಗೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಪೂಜೆ ಮುಗಿದರೆ ಬಾಗಿಲು ಹಾಕುತ್ತಾರೆ. ಮಂಜುನಾಥನಿಗೆ ಕೈ ಮುಗಿದು ಓಡಿ ಬರಬೇಡಿ. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹವನ್ನು ನಿನ್ನ ಗೆಳತಿಯರಿಗೆ ತೋರಿಸು. ಮೂರು ಮುಖ, ಆರು ಕೈ. ಪೀಠದ ಶಾಸನದಲ್ಲಿ ಆಳುಪರ ಅರಸ ಕುಂದವರ್ಮನ ಹೆಸರಿದೆ, ಕ್ರಿ.ಶ. 968ರದ್ದು. ಚಾಪೆಲ್‌ಗೆ ಅರ್ಧ ಗಂಟೆ ಬರೆದಿದ್ದೀಯ. ಆಂಟೋನಿಯೊ ಮೊಸ್ಕೇನಿ ಎಂಬ ಇಟಲಿಯ ಬ್ರದರ್ 1899ರಲ್ಲಿ ಬಂದು ಎರಡು ವರ್ಷ ಮಾಡು, ಗೋಡೆ, ಕಂಬ ಎನ್ನದೆ ಬಣ್ಣ ಹಚ್ಚಿದ ಜಾಗ ಅದು. ಕತ್ತು ನೋಯುವಷ್ಟು ಹೊತ್ತು ತಲೆ ಎತ್ತಿ ನೋಡದಿದ್ದರೆ ಹೋಗಿ ಏನು ಪ್ರಯೋಜನ? ನಾನು ಇದೇ ಊರಿನಲ್ಲಿ ಹುಟ್ಟಿಯೂ ಅದರೊಳಗೆ ಕಾಲಿಟ್ಟದ್ದು ಒಂದೇ ಸಲ, ನಿನ್ನ ಶಾಲೆಯವರ ಜೊತೆಗೆ. ಉಳಿದಂತೆ ಆ ಗುಡ್ಡ ನನಗೆ ಬಸ್ಸು ಎರಡನೇ ಗಿಯರಿನಲ್ಲಿ ಏರುವ ಜಾಗ ಅಷ್ಟೇ.

ಆರು ಜನ ಎಂದು ಬರೆದೆನಲ್ಲ, ಆ ದಿನವೂ ನಿನ್ನನ್ನು ಸೇರಿಸಿ ಆರೇ ಜನ.

ಇರಲಿ, ಮೊದಲು ಬಸ್ಸಿನ ವಿಷಯ ಮುಗಿಸುತ್ತೇನೆ. ಬರುವ ಟಿಕೆಟ್ ಮಾಡಿದ್ದೀಯ, ಮರಳುವುದು ಪಟ್ಟಿಯಲ್ಲಿ ಇಲ್ಲ. ನವರಾತ್ರಿಯ ಭಾನುವಾರ ರಾತ್ರಿ ಇಲ್ಲಿಂದ ಬೆಂಗಳೂರಿಗೆ ಸೀಟು ಸಿಗುವುದೆಂದರೆ ಲಾಟರಿ ಹೊಡೆದ ಹಾಗೆ. ರೈಲಿನ ಆಸೆ ಬಿಡು, ಅರವತ್ತು ದಿನ ಮೊದಲೇ ಬಾಗಿಲು ತೆರೆಯುತ್ತದೆ, ನಿಮಗೆ ನೆನಪಾಗುವಾಗ ಎಲ್ಲ ಮುಗಿದಿರುತ್ತದೆ. ಈ ಕಾಗದ ಓದಿ ಮುಗಿಸುವ ಮೊದಲೇ ಆರು ಸೀಟು ಹಿಡಿ. ದುಡ್ಡಿನ ಲೆಕ್ಕ ಒಬ್ಬಳ ಕೈಯಲ್ಲಿರಲಿ, ಆ ಒಬ್ಬಳು ನೀನಾಗಬೇಡ. ಊರಿನವಳು ಎಂಬ ಒಂದೇ ಕಾರಣಕ್ಕೆ ರಿಕ್ಷಾಕ್ಕೆ ಚೌಕಾಸಿ ನೀನು, ದಾರಿ ತಪ್ಪಿದರೆ ಬೈಗಳು ನಿನಗೆ, ಗಡ್‌ಬಡ್ ಐಸ್‌ಕ್ರೀಮಿನ ಬಿಲ್ಲು ಬಂದಾಗ ಎಲ್ಲರೂ ನೋಡುವುದು ನಿನ್ನ ಮುಖ. ಸಾಲ ಕೇಳಲು ನಾಚಿಕೆಪಡುವವಳು ನೀನು. ಆ ಗುಣ ನನ್ನದು, ಒಳ್ಳೆಯ ಗುಣವಲ್ಲ.

ಸಮುದ್ರದ ಬಗ್ಗೆ ಹೇಳಿದರೆ "ಶುರುವಾಯಿತು" ಎನ್ನುತ್ತೀಯ. ಎನ್ನು. ಅಕ್ಟೋಬರಿನ ಕಡಲು ಮಳೆಗಾಲದ ಆರ್ಭಟ ಬಿಟ್ಟು ಸಾಧುವಿನಂತೆ ಮಲಗಿರುತ್ತದೆ. ಘಟ್ಟದ ಮೇಲಿನವರು ಅಲೆ ಏಳುವಲ್ಲಿ ಹೆದರುತ್ತಾರೆ, ಅಲೆ ಒಡೆಯದೆ ನೀರು ಮಟ್ಟಸವಾಗಿರುವ ಜಾಗ ಹುಡುಕಿ ಇಳಿಯುತ್ತಾರೆ. ದಡಕ್ಕೆ ಬಂದ ನೀರು ಹಿಂದಕ್ಕೆ ಹೋಗುವ ದಾರಿ ಹೆಚ್ಚಾಗಿ ಅದೇ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಈಜಿ ಸೋಲಬಾರದು, ದಡದ ಉದ್ದಕ್ಕೆ ಬದಿಗೆ ಸರಿಯಬೇಕು. ಇದನ್ನು ಅವರಿಗೆ ಬಸ್ಸಿನಲ್ಲಿಯೇ ಹೇಳು, ಮರಳಿನ ಮೇಲೆ ನಿಂತಾಗ ಯಾರೂ ಕೇಳುವುದಿಲ್ಲ. ಮೊಣಕಾಲಿನವರೆಗೆ ಸಾಕು. ಜೀವರಕ್ಷಕರು ಸೀಟಿ ಊದಿದರೆ ನಗದೆ ಹಿಂದೆ ಬನ್ನಿ. ಸೋಮೇಶ್ವರದ ರುದ್ರಪಾದೆ ಬಂಡೆಯ ಮೇಲೆ ಮೊಬೈಲ್ ಹಿಡಿದು ಯಾರೂ ನಿಲ್ಲಬಾರದು. ಸಾಧ್ಯವಾದರೆ ಪಣಂಬೂರನ್ನೇ ಬಿಟ್ಟು, ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿಗೆ ಹೋಗಿ. ಅವರಿಗೆ ದೋಣಿಯೇ ದೊಡ್ಡ ಸುದ್ದಿಯಾಗುತ್ತದೆ.

ಸೀಟಿ ಎಂದು ಬರೆದ ಕೂಡಲೇ ಕೈ ನಿಂತಿತು.

ಆ ದಿನ ಮನೆಯ ಜಗಲಿಯಲ್ಲಿ ಏನಾಯಿತು ಎಂಬುದು ನಿನಗೆ ನನಗಿಂತ ಚೆನ್ನಾಗಿ ನೆನಪಿದೆ, ಅದನ್ನು ಬರೆಯುವುದಿಲ್ಲ. ಜಗಲಿಗೆ ಬರುವ ಮೊದಲಿನದು ನಿನಗೆ ಗೊತ್ತಿಲ್ಲ. ಅಮ್ಮನಿಗೂ ಹೇಳಿದ್ದು ಈ ಮಂಗಳವಾರ.

ವಿಜಯದಶಮಿ. ಕುದ್ರೋಳಿಯ ದಸರಾ ಮೆರವಣಿಗೆಗೆಂದು ಮಧ್ಯಾಹ್ನದಿಂದಲೇ ಒಂದೊಂದಾಗಿ ರಸ್ತೆ ಮುಚ್ಚುತ್ತ ಬಂದರು. ಲೇಡಿಹಿಲ್, ಲಾಲ್‌ಬಾಗ್, ಪಿವಿಎಸ್, ಎಲ್ಲಿಯೂ ಬಸ್ಸಿಗೆ ದಾರಿಯಿಲ್ಲ. ಒಂದೇ ರೂಟಿನಲ್ಲಿ ಎರಡು ಬಸ್ಸುಗಳ ನಡುವೆ ನಾಲ್ಕು ನಿಮಿಷದ ಅಂತರವಿದ್ದರೆ, ಆ ನಾಲ್ಕು ನಿಮಿಷವೇ ಕಂಡಕ್ಟರನ ಬ್ಯಾಗು, ಡ್ರೈವರನ ಬತ್ತೆ. ತಡವಾಗಿ ಬಂದವನಿಗೆ ಟ್ರಿಪ್ ಕಟ್ ಮಾಡಬೇಕು, ಅದು ನನ್ನ ಕೆಲಸ. ಮಾಡಿದೆ. ತಡವಾಗಿ ಬಂದ ಬಸ್ಸಿನ ಹುಡುಗ ಕೆಳಗಿಳಿದು ಬಂದು ನನ್ನ ಕಾಲರ್ ಹಿಡಿದ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸು. ಕೆನ್ನೆಗೆ ಒಂದೇ ಏಟು. ನೋವೇನೂ ಆಗಲಿಲ್ಲ. ಕುತ್ತಿಗೆಯಲ್ಲಿದ್ದ ಸೀಟಿಯ ದಾರ ತುಂಡಾಗಿ ಸೀಟಿ ಚರಂಡಿಗೆ ಬಿತ್ತು. ಸುತ್ತ ಹಬ್ಬಕ್ಕೆ ಹೊರಟ ಜನ, ಕೆಲವರು ನಕ್ಕರು. ಧಣಿಗೆ ಫೋನು ಮಾಡಿದರೆ, ಹಬ್ಬದ ದಿನ ಸುಧಾರಿಸಿಕೊಳ್ಳಿ ಎಂದರು. ಬಗ್ಗಿ ಚರಂಡಿಯಲ್ಲಿ ಕೈ ಹಾಕಲು ಮನಸ್ಸಾಗಲಿಲ್ಲ. ನಡೆದೇ ಮನೆಗೆ ಬಂದೆ.

ಗೇಟಿನ ಹೊರಗೆ ಐದು ಜೊತೆ ಚಪ್ಪಲಿ. ಒಳಗಿನಿಂದ ಸೀಟಿಯ ಸದ್ದು. ನನ್ನ ಕಂಡಕ್ಟರ್ ಕಾಲದ ಖಾಕಿ ಅಂಗಿ ನಿನ್ನ ಮೊಣಕಾಲಿನವರೆಗೆ ಜೋತಾಡುತ್ತಿತ್ತು, ಹಳೆಯ ಸೀಟಿ ಬಾಯಲ್ಲಿ, ಕೈ ಬೀಸಿ ನನ್ನದೇ ಸ್ವರದಲ್ಲಿ "ರೈಟ್ ಪೋಯಿ" ಎನ್ನುತ್ತಿದ್ದೆ. ಐವರೂ ಹೊಟ್ಟೆ ಹಿಡಿದು ನಗುತ್ತಿದ್ದರು.

ಇದೇನು ಮನೆಯೋ ಛತ್ರವೋ ಎಂದೆ. ಆ ಶಬ್ದವೇ. ಭಾನುವಾರ ನೀನು ಅಷ್ಟು ಮೆತ್ತಗೆ "ಮನೆ ಛತ್ರವಲ್ಲವಲ್ಲ ಅಪ್ಪ, ಅದಕ್ಕೇ ರೂಮು" ಎಂದಾಗ ಹನ್ನೊಂದು ವರ್ಷ ನೀನು ಅದನ್ನು ಹಾಗೆಯೇ ಎತ್ತಿಟ್ಟಿದ್ದೀಯ ಎಂದು ಗೊತ್ತಾಯಿತು. ಎತ್ತಿಡುವುದೂ ನನ್ನದೇ ಗುಣ, ಬೈಯಲಾರೆ.

ನೀನು ನನ್ನನ್ನು ಗೇಲಿ ಮಾಡುತ್ತಿದ್ದೆಯೋ, ಅಪ್ಪ ಹೀಗೆ ಎಂದು ಹೆಮ್ಮೆಯಿಂದ ತೋರಿಸುತ್ತಿದ್ದೆಯೋ ಎಂದು ಎಷ್ಟೋ ಸಲ ಕೇಳಬೇಕೆನಿಸಿತ್ತು. ಈಗ ಕೇಳುವುದಿಲ್ಲ. ಯಾವುದಾದರೂ ಆಗಿರಲಿ, ಒಂಬತ್ತನೇ ತರಗತಿಯ ಐದು ಮಕ್ಕಳು ಬೆಳಗಿನ ಜಾವ ಮನೆಯೆದುರು ಬರುವ ಶಾರದೆಯನ್ನು ನೋಡಲು ಚಾಪೆ ಹಾಸಿಕೊಂಡು ಕಾದಿದ್ದವರು, ರಾತ್ರಿ ಒಂಬತ್ತಕ್ಕೆ ಮುಂಚೆ ಹೊರಟುಹೋದರು. ಒಬ್ಬಳ ಅಪ್ಪ ಸ್ಕೂಟರಿನಲ್ಲಿ ಬಂದವರು ನನ್ನ ಮುಖ ನೋಡಲಿಲ್ಲ. ಅಮ್ಮ ಗೋಳಿಬಜೆಗೆ ಕಲಸಿದ ಹಿಟ್ಟು ಮುಕ್ಕಾಲು ಪಾತ್ರೆ ಉಳಿಯಿತು, ಬೆಳಿಗ್ಗೆ ಹುಳಿಯಾಗಿ ಉಕ್ಕಿತ್ತು. ತೆಂಗಿನ ಬುಡಕ್ಕೆ ಚೆಲ್ಲಿದಳು. ನಾನು ಜಗಲಿಯಲ್ಲಿ ಕುಳಿತು ನೋಡಿದೆ. ಅಷ್ಟು ಹೊತ್ತಿಗೆ ತಾಸೆಯ ಪೆಟ್ಟು, ಹುಲಿವೇಷಗಳು, ದೀಪ ಎಲ್ಲ ನಮ್ಮ ಬೀದಿ ದಾಟಿ ಹೋಗಿತ್ತು. ನೀನು ಎದ್ದು ಬರಲೇ ಇಲ್ಲ.

ಕುದ್ರೋಳಿಯ ದೇವಸ್ಥಾನ ಇಲ್ಲಿಂದ ಕೂಗಳತೆ. ಬೇರೆ ದೇವಸ್ಥಾನಗಳ ಬಾಗಿಲಲ್ಲಿ ತಡೆದು ನಿಲ್ಲಿಸಿದ ನಮ್ಮ ಬಿಲ್ಲವರಿಗೆಂದು 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ್ದು. ನನ್ನ ಅಜ್ಜ ಆ ಕತೆಯನ್ನು ಹೇಳುವಾಗ ಎದ್ದು ನಿಂತೇ ಹೇಳುತ್ತಿದ್ದರು. ಅದೇ ಬೀದಿಯಲ್ಲಿ ಕುಳಿತು ನಾನು ಐದು ಮಕ್ಕಳನ್ನು ಬಾಗಿಲಿನಿಂದ ಹೊರಗೆ ಕಳುಹಿಸಿದೆ. ಏಟು ಕೊಟ್ಟವನು ಯಾರೋ, ತಿಂದವರು ಯಾರೋ. ತಪ್ಪಾಯಿತು ಎಂದು ಆಗಲೇ ಹೇಳಬೇಕಿತ್ತು. ಮರುದಿನ ನಿನಗೆ ಐಸ್‌ಕ್ರೀಮ್ ತಂದುಕೊಟ್ಟೆ, ಅದನ್ನೇ ಹೇಳಿದ ಹಾಗೆ ಎಂದುಕೊಂಡೆ. ಹಾಗಲ್ಲ.

ಒಬ್ಬಳ ಕೊಡೆ ಉಳಿದುಹೋಗಿತ್ತು, ನೇರಳೆ ಬಣ್ಣದ್ದು, ಹಿಡಿಯ ತುದಿಯಲ್ಲಿ ಮೊಲದ ತಲೆ. ಅವಳು ಕೇಳಲು ಬರಲಿಲ್ಲ, ನೀನೂ ತೆಗೆದುಕೊಂಡು ಹೋಗಿ ಕೊಡಲಿಲ್ಲ. ಮಂಚದಡಿಯಲ್ಲಿ ಇತ್ತು, ಆಮೇಲೆ ಅಟ್ಟದಲ್ಲಿ. ಬುಧವಾರ ಇಳಿಸಿ ರಥಬೀದಿಯಲ್ಲಿ ಕೊಡೆ ರಿಪೇರಿಯವನಿಗೆ ಕೊಟ್ಟು ಎರಡು ಕಡ್ಡಿ ಹಾಕಿಸಿದೆ. ಮಕ್ಕಳ ಕೊಡೆಗೆ ಇಷ್ಟು ಖರ್ಚು ಯಾಕೆ ಎಂದು ಅವನು ಕೇಳಿದ. ಸಂಜೆ ಗುಡುಗು ಮಳೆ ಬರುವ ಕಾಲ, ನೀವೂ ಆರು ಕೊಡೆ ತನ್ನಿ. ಆ ಕೊಡೆಯವಳು ಈಗಲೂ ನಿನ್ನ ಸಂಪರ್ಕದಲ್ಲಿದ್ದರೆ ಇಲ್ಲಿದೆ ಎಂದು ತಿಳಿಸು.

ರೂಮು ರದ್ದು ಮಾಡು ಎಂದು ಹೇಳುತ್ತಿಲ್ಲ. ನಮ್ಮದು ಒಂದೇ ಬಚ್ಚಲಿನ ಮನೆ, ಆ ಬಚ್ಚಲಿಗೂ ಟೈಲ್ಸ್ ಬಂದದ್ದು ನಿನ್ನ ಸಂಬಳದಲ್ಲಿ. ನಿನ್ನ ವಯಸ್ಸಿನವರಿಗೆ ರಾತ್ರಿ ಹರಟೆಗೆ ಬಾಗಿಲು ಹಾಕಿಕೊಳ್ಳುವ ಜಾಗ ಬೇಕು, ಅದು ನನಗೆ ಅರ್ಥವಾಗುತ್ತದೆ. ನವರಾತ್ರಿಯ ಒಂಬತ್ತು ದಿನ ಇಲ್ಲಿ ಮೀನು ಮುಟ್ಟುವುದಿಲ್ಲವೆಂದು ನಿನಗೆ ಗೊತ್ತಿದೆ, ಬಂಗುಡೆ, ಕಾಣೆ ಎಂದು ಆಸೆ ಇಟ್ಟುಕೊಂಡು ಬರುವವರಿಗೆ ಹೋಟೆಲೇ ಗತಿ. ಮೆರವಣಿಗೆಗೆ ಎರಡು ದಿನ ಇರುವಾಗಲೇ ನೀವು ಹೊರಡುತ್ತೀರಿ, ಅದೊಂದು ಬೇಸರ. ಆದರೂ ಶನಿವಾರ ಸಂಜೆ ಕುದ್ರೋಳಿಯಲ್ಲಿ ನವದುರ್ಗೆಯರನ್ನು ನೋಡಿ ಹೊರಬಿದ್ದರೆ ನಮ್ಮ ಗೇಟಿಗೆ ಹತ್ತು ನಿಮಿಷದ ದಾರಿ. ನಿನ್ನ ಪಟ್ಟಿಯಲ್ಲಿ 7.30ರಿಂದ 9.00ರವರೆಗೆ ಏನೂ ಬರೆದಿಲ್ಲ. ಎರಡು ಸಲ ನೋಡಿದೆ, ಖಾಲಿಯೇ ಇದೆ.

ಗೋಳಿಬಜೆಯ ಹಿಟ್ಟನ್ನು ಮಧ್ಯಾಹ್ನವೇ ಕಲಸಿಡಬೇಕು. ಎಷ್ಟು ಜನ ಎಂದು ಶುಕ್ರವಾರದೊಳಗೆ ಫೋನು ಮಾಡಿ ಅಮ್ಮನಿಗೆ ಹೇಳು. ನನಗೆ ಹೇಳಿದರೂ ಆಗುತ್ತದೆ.

ನಿನ್ನ ಅಪ್ಪ