ನಮ್ಮ 28 ಗಿಗಾಹರ್ಟ್ಜ್ ಆಂಟೆನಾ ಕಿಟ್ ಬದಲಾಗುತ್ತಿದೆ

ಕಾಲೇಜು ಲ್ಯಾಬ್‌ಗಳ ಮೇಷ್ಟ್ರುಗಳಿಗೆ, ನಮ್ಮಿಂದ ಕಿಟ್ ತೆಗೆದುಕೊಂಡ ಎಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳಿಂದ ಫೇಸ್ ಶಿಫ್ಟರ್ ಚಿಪ್ ಇರುವ ಹಳೇ ಕಿಟ್ ನಿಲ್ಲಿಸುತ್ತಿದ್ದೇವೆ. ಅಲೆಯ ಫೇಸ್, ಅಂದರೆ ಏರಿಳಿತದ ಹಂತ, ಬದಲಿಸಿ ಬೀಮನ್ನು (ಆಂಟೆನಾದಿಂದ ಒಂದು ದಿಕ್ಕಿಗೆ ಹೊರಡುವ ಸಿಗ್ನಲನ್ನು) ತಿರುಗಿಸುವ ಚಿಪ್ ಅದು. ಆ ಕಿಟ್‌ನ ಜಾಗಕ್ಕೆ ಚಿಪ್ ಇಲ್ಲದೆ ಬೀಮ್ ತಿರುಗಿಸುವ ಬಟ್ಲರ್ ಮ್ಯಾಟ್ರಿಕ್ಸ್ ಬೋರ್ಡ್ ಬರುತ್ತದೆ. ಬೆಲೆ ಅರ್ಧಕ್ಕಿಂತ ಕಡಿಮೆ.

ಹೋದ ವರ್ಷ ಒಂದು ಕಾಲೇಜಿಗೆ ರಿಪೇರಿಗೆ ಹೋದಾಗ ನಮ್ಮ ಕಿಟ್ ಬೀರುವಿನೊಳಗೆ ಬೀಗದಲ್ಲಿತ್ತು. “ಒಂದು ಚಿಪ್ ಸುಟ್ಟರೆ ದುಡ್ಡು ಯಾರು ಕೊಡ್ತಾರೆ ಸರ್? ಹುಡುಗರ ಕೈಗೆ ಕೊಡೋಕೆ ಭಯ” ಎಂದರು ಅಲ್ಲಿನ ಮೇಡಂ. ಕಲಿಯಲೆಂದು ಮಾಡಿದ ವಸ್ತುವನ್ನು ಮುಟ್ಟಲು ಹೆದರುವಂತಾದರೆ ತಪ್ಪು ನಮ್ಮದೇ, ಅಲ್ವಾ? ಆ ಮಾತು ಮನಸ್ಸಿನಲ್ಲೇ ಉಳಿಯಿತು.

ಹೊಸ ಬೋರ್ಡಿನಲ್ಲಿ ಸುಡುವ ಚಿಪ್ಪೇ ಇಲ್ಲ. ತಾಮ್ರದ ಗೆರೆಗಳೇ ಬೀಮ್ ತಿರುಗಿಸುತ್ತವೆ. ಸಿಗ್ನಲನ್ನು ಎರಡು ಸಮಪಾಲು ಮಾಡುವ ನಾಲ್ಕು ಹೈಬ್ರಿಡ್ ಕಪ್ಲರ್, ಗೆರೆಗಳು ಒಂದನ್ನೊಂದು ದಾಟುವ ಎರಡು ಕ್ರಾಸ್‌ಓವರ್, ಫೇಸನ್ನು 45 ಡಿಗ್ರಿ ತಡಮಾಡುವ ಎರಡು ಗೆರೆ, ಅಷ್ಟೇ. 1961ರಿಂದಲೂ ಇರುವ ವಿದ್ಯೆ ಇದು. ನಾಲ್ಕು ಪೋರ್ಟ್‌ಗಳಲ್ಲಿ ಯಾವುದಕ್ಕೆ ಕೇಬಲ್ ಹಾಕುತ್ತೀರೋ ಅದರ ದಿಕ್ಕಿಗೆ ಬೀಮ್ ಹೋಗುತ್ತದೆ.

ಕಳೆದುಕೊಳ್ಳುವುದೂ ಇದೆ. ಹಳೇ ಕಿಟ್‌ನಲ್ಲಿ ಬೀಮನ್ನು ಬೇಕಾದ ಕೋನಕ್ಕೆ ನಿಲ್ಲಿಸಬಹುದಿತ್ತು. ಇದರಲ್ಲಿ ನಾಲ್ಕೇ ದಿಕ್ಕು. ಲೆಕ್ಕದ ಪ್ರಕಾರ ಎಡಕ್ಕೂ ಬಲಕ್ಕೂ 14.5 ಡಿಗ್ರಿ, ಆಮೇಲೆ 48.6 ಡಿಗ್ರಿ. ಪ್ಯಾಚ್‌ಗಳ (ಬೋರ್ಡಿನ ಮೇಲಿನ ಚಪ್ಪಟೆ ಆಂಟೆನಾ ತುಂಡುಗಳ) ಸ್ವಭಾವದಿಂದ ಹೊರಗಿನ ಎರಡು ಬೀಮ್ ಸ್ವಲ್ಪ ಒಳಕ್ಕೇ ನಿಲ್ಲುತ್ತವೆ. ನೇರ ಎದುರಿಗೆ ಯಾವ ಬೀಮೂ ಇಲ್ಲ. ಒಳಗಿನ ಬೀಮಿನ ಪೋರ್ಟ್‌ಗೆ ಕೇಬಲ್ ಹಾಕಿ, ಎದುರಿಗೆ ಸಿಗ್ನಲ್ ಹಿಡಿಯುವ ಹಾರ್ನ್ ಆಂಟೆನಾ ಇಟ್ಟು, ಬೋರ್ಡ್ ಇರುವ ಟೇಬಲ್ ತಿರುಗಿಸಿ ನೋಡಿ. ಸೊನ್ನೆಯ ಗೆರೆಯಲ್ಲಿ ಮೀಟರ್ ಗರಿಷ್ಠಕ್ಕಿಂತ ಸುಮಾರು 4 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ) ಕೆಳಗಿರುತ್ತದೆ, 14ರ ಹತ್ತಿರ ಬಂದಂತೆ ಏರುತ್ತದೆ. ಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹುಡುಗರಿಗೆ ಮೊದಲು ಇದನ್ನೇ ತೋರಿಸಿ. ಫೇಸ್ ಲೆಕ್ಕ ಕಣ್ಣಿಗೆ ಕಾಣುವುದು ಇಲ್ಲೇ.

ಎಫ್‌ಆರ್-4 ಹಾಳೆ (ಮಾಮೂಲಿ ಸರ್ಕ್ಯೂಟ್ ಬೋರ್ಡಿನ ಫೈಬರ್‌ಗ್ಲಾಸ್ ಹಾಳೆ) ಹಾಕಿದರೆ ಇನ್ನೂ ಅಗ್ಗವಾಗುತ್ತಲ್ಲ ಎಂದು ಕೆಲವರು ಕೇಳಿದ್ದೀರಿ. ಮಾಡಿಯೂ ನೋಡಿದೆವು. ಈ ಫ್ರೀಕ್ವೆನ್ಸಿಯಲ್ಲಿ ಅದು ಸಿಗ್ನಲನ್ನು ತಾನೇ ನುಂಗಿಬಿಡುತ್ತದೆ. ಹಾಗಾಗಿ ಉಳಿಸಿದ್ದು ಚಿಪ್‌ನಲ್ಲಿ ಮಾತ್ರ, ಹಾಳೆ ಮೊದಲಿನದೇ. ಗೆರೆಯ ಉದ್ದ 0.1 ಮಿ.ಮೀ. ತಪ್ಪಿದರೂ ಫೇಸ್ ಸುಮಾರು 5 ಡಿಗ್ರಿ ಜರುಗುತ್ತದೆ. ಅದಕ್ಕೇ ಪ್ರತಿ ಬೋರ್ಡನ್ನೂ ಅಳೆದು, ಅದರ ಅಳತೆಯ ಹಾಳೆಯನ್ನು ಡಬ್ಬದಲ್ಲೇ ಇಟ್ಟು ಕಳಿಸುತ್ತೇವೆ.

ಹಳೇ ಕಿಟ್ ಇರುವವರಿಗೆ ಇನ್ನು ಎರಡು ವರ್ಷ ರಿಪೇರಿ ಮಾಡಿಕೊಡುತ್ತೇವೆ. ಸಂಶೋಧನೆಗೆ ಎಲ್ಲ ಕೋನಗಳೂ ಬೇಕೇಬೇಕು ಎನ್ನುವವರು ಈ ತಿಂಗಳೊಳಗೆ ತಿಳಿಸಿ. ಉಳಿದಿರುವ ಚಿಪ್‌ಗಳಿಂದ ಕೊನೆಯ ಕಂತು ಮಾಡುತ್ತೇವೆ. ಬೀರುವಿನಲ್ಲಿ ಸುಮ್ನೆ ಕೂತ ಕಿಟ್ ಇದ್ದರೆ ವಾಪಸ್ ಕಳಿಸಿ, ಅದರ ಬೆಲೆಯನ್ನು ಹೊಸದರ ಬೆಲೆಯಲ್ಲಿ ಕಡಿಮೆ ಮಾಡುತ್ತೇವೆ.

ಇಂತಿ,
ನಿಮ್ಮ ಆಂಟೆನಾ ಬಳಗ, ಪೀಣ್ಯ, ಬೆಂಗಳೂರು