ಮಗಳಿಗೊಂದು ಪತ್ರ: ನಿನ್ನ ಜೀಪಿನ ವೇಗ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಮ್ಮಾ, ನೀನು ಜೀಪನ್ನು ಹೆದ್ದಾರಿಯಲ್ಲಿ ಎಷ್ಟರಲ್ಲಿ ಓಡಿಸುತ್ತೀಯ?" ಅಂತ. ನಂಬರು ಬೇಕಿದ್ದರೆ ತಗೋ. ರಸ್ತೆ ಒಣಗಿದ್ದು, ಮುಂದೆ ದೂರದವರೆಗೂ ಕಾಣಿಸುತ್ತಿದ್ದರೆ ಗಂಟೆಗೆ 80, 85 ಕಿಲೋಮೀಟರು. ಮಳೆ ಬಂದರೆ 60ಕ್ಕೆ ಇಳಿಸುತ್ತೇನೆ. ಊರೊಳಗೆ ಬೋರ್ಡಿನಲ್ಲಿ ಬರೆದಷ್ಟು, ಶಾಲೆ, ಆಸ್ಪತ್ರೆ ಹತ್ತಿರ ಅದಕ್ಕೂ ಕಮ್ಮಿ. ಇಷ್ಟು ಹೇಳಿ ಸುಮ್ಮನಾದರೆ ನೀನು ಅದನ್ನು ಅಮ್ಮನ ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತೀಯ ಅಂತ ಗೊತ್ತು. ಆ ನಂಬರು ನನಗೆ ಹೇಳಿಕೊಟ್ಟಿದ್ದು ಗಾಡಿಯೇ ಕಣೇ. ಅದು ಹೇಗೆ ಅಂತ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ಥರದ ಗಾಡಿ ಇಟ್ಟುಕೊಂಡವರನ್ನು ಕೇಳಿ ನೋಡು, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರ ಗಾಡಿ 120ರಲ್ಲೂ ಅಲ್ಲಾಡುವುದಿಲ್ಲವಂತೆ. ಇನ್ನೊಬ್ಬರದು 70 ದಾಟಿದರೆ ಲೇನಿನೊಳಗೆ ಹಿಡಿದಿಡುವುದೇ ಕೆಲಸವಂತೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯವರದು ಹೊಸ ಗಾಡಿ ಇರಬೇಕು, ಮುಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್, ಜಾರಿದರೆ ತಾನೇ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್, ಕಂಪನಿಯಿಂದ ಬಂದ ಟಯರನ್ನು ಮುಟ್ಟಿಲ್ಲ. ಎರಡನೆಯವರದು ಇಡೀ ಆಕ್ಸಲ್ (ಎಡ, ಬಲ ಚಕ್ರ ಎರಡನ್ನೂ ಸೇರಿಸುವ ಒಂದೇ ಗಟ್ಟಿ ಅಚ್ಚು), ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ) ಇರುವ ಹಳೆಯ ಗಾಡಿ. ಬೇರೆಯವರ ನಂಬರು ತಗೊಂಡು ನಿನ್ನ ಗಾಡಿಗೆ ಹಾಕಬೇಡ. ನಿನ್ನದು ಹಳೆಯ ಮಾದರಿಯದು, ಮುಂದೆಯೂ ಹಿಂದೆಯೂ ಇಡೀ ಆಕ್ಸಲ್. ಅದರ ಮೇಲೆ ನೀನು ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದ್ದೀಯ, ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟಯರು ಹಾಕಿಸಿದ್ದೀಯ. ಕಾಡುದಾರಿಗೆ ಇವೆಲ್ಲ ಚೆನ್ನಾಗಿವೆ. ಕೆಸರಲ್ಲಿ, ಬಂಡೆ ಮೇಲೆ ಅದು ಹತ್ತುವುದನ್ನು ನೋಡಿ ನನಗೂ ಖುಷಿಯಾಗಿದೆ. ಆದರೆ ಅಲ್ಲಿ ಕೈ ಹಿಡಿಯುವ ಒಂದೊಂದು ಗುಣವೂ ಡಾಂಬರು ರಸ್ತೆಯಲ್ಲಿ ವೇಗ ಏರಿದ ಹಾಗೆ ತಿರುಗಿ ಬೀಳುತ್ತದೆ.

ಮೊದಲು ಮೀಟರಿನ ವಿಷಯ, ಯಾಕೆಂದರೆ ಸ್ಪೀಡಿನ ಮಾತೆಲ್ಲ ಅಲ್ಲಿಂದಲೇ ಶುರು. ನಿನ್ನ ಗಾಡಿಗೆ ಕಂಪನಿ ಕೊಟ್ಟ ಟಯರು 245/75 ಆರ್ 16 (ಅಗಲ 245 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 75, ನಡುವಿನ ರಿಮ್ಮು 16 ಇಂಚು). ನೀನು ಹಾಕಿಸಿದ್ದು 285/75 ಆರ್ 16. ಲೆಕ್ಕ ಹಾಕಿದರೆ ಹಳೆಯದರ ವ್ಯಾಸ ಸುಮಾರು 30.5 ಇಂಚು, ಹೊಸದರದು 32.8. ಚಕ್ರ ಒಂದು ಸುತ್ತು ಸುತ್ತಿದಾಗ ಈಗ ಗಾಡಿ ಮುಂಚಿಗಿಂತ ಜಾಸ್ತಿ ದೂರ ಹೋಗುತ್ತದೆ, ಆದರೆ ಮೀಟರಿಗೆ ಅದು ಗೊತ್ತಿಲ್ಲ, ಅದು ಸುತ್ತು ಮಾತ್ರ ಎಣಿಸುತ್ತದೆ. ಸುಮಾರು ನೂರಕ್ಕೆ ಎಂಟರ ವ್ಯತ್ಯಾಸ. ಮುಂಚೆ ಮೀಟರು ಸರಿಯಾಗಿ ತೋರಿಸುತ್ತಿತ್ತು ಅಂತಲೇ ಇಟ್ಟುಕೊಂಡರೂ, ಈಗ ಮುಳ್ಳು 80ರಲ್ಲಿದ್ದಾಗ ನೀನು 86ರಲ್ಲಿ ಹೋಗುತ್ತಿರುತ್ತೀಯ. 100 ಅಂದಾಗ 108. "ನಾನು ಲಿಮಿಟ್ಟಿನಲ್ಲೇ ಇದ್ದೆ" ಅಂತ ನಂಬಿಕೊಂಡು ಹೋಗುವವರು ಎಷ್ಟು ಜನ ಇದ್ದಾರೋ. ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಪಕ್ಕದಲ್ಲಿ ಯಾರಾದರೂ ಕೂತಿರಲಿ, ಅವರು ಫೋನು ನೋಡಲಿ.

ಆಮೇಲೆ ಬ್ರೇಕು. ಫೋರ್ ಬೈ ಫೋರ್ ಇದ್ದರೆ ರಸ್ತೆ ಹಿಡಿತ ಜಾಸ್ತಿ, ಹಾಗಾಗಿ ಬೇಗ ನಿಲ್ಲುತ್ತದೆ ಅನ್ನುವ ಮಾತನ್ನು ನಿನ್ನ ಗೆಳೆಯರ ಬಾಯಲ್ಲೂ ಕೇಳಿದ್ದೇನೆ. ಇದು ತಪ್ಪು. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಶಕ್ತಿ ಹೋಗುವುದು ಗಾಡಿ ಮುಂದೆ ಹೋಗುವುದಕ್ಕೆ. ನಿಲ್ಲಿಸುವ ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಮಳೆಯಲ್ಲಿ ಸಿಗ್ನಲ್ ಬಿಟ್ಟ ಕೂಡಲೇ ನಿನ್ನ ಗಾಡಿ ಜಾರದೆ ಹೊರಡುತ್ತದೆ, ಅದೇ ಮೋಸ ಮಾಡುವುದು. ರಸ್ತೆ ಎಷ್ಟು ಜಾರುತ್ತಿದೆ ಅಂತ ಗಾಡಿ ನಿನಗೆ ಹೇಳುವುದೇ ಇಲ್ಲ, ಬ್ರೇಕ್ ಒತ್ತಿದಾಗ ಮಾತ್ರ ಗೊತ್ತಾಗುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದರ ಮೇಲೆ ನಿನ್ನ ಟಯರಿನ ದೊಡ್ಡ ದೊಡ್ಡ ರಬ್ಬರ್ ಗಟ್ಟಿಗಳ ನಡುವೆ ಅಗಲವಾದ ಸಂದು. ಕೆಸರನ್ನು ಹೊರಕ್ಕೆ ಎಸೆಯುವುದಕ್ಕೆ ಆ ಸಂದು ಬೇಕು. ಆದರೆ ಡಾಂಬರಿಗೆ ತಾಗುವ ರಬ್ಬರು ಅಷ್ಟು ಕಮ್ಮಿಯಾಯಿತು ಅಲ್ವಾ? ಒದ್ದೆ ರಸ್ತೆಯಲ್ಲಿ ಸಾಮಾನ್ಯವಾಗಿ ಇವು ಹೈವೇ ಟಯರಿಗಿಂತ ಜಾಸ್ತಿ ದೂರ ಹೋಗಿ ನಿಲ್ಲುತ್ತವೆ.

ದೂರದ ಲೆಕ್ಕವನ್ನೂ ನೋಡು. 80ರಲ್ಲಿ ಹೋಗುವಾಗ ಗಾಡಿ ಒಂದು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಮುಂದೆ ಏನೋ ಆಯಿತು ಅಂತ ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯಿತು ಅಂದುಕೋ, ಅಷ್ಟರಲ್ಲಿ 33 ಮೀಟರು ಹೋಗಿಯಾಯಿತು. 100ರಲ್ಲಾದರೆ 42 ಮೀಟರು. ಇನ್ನೂ ಬ್ರೇಕು ಒತ್ತೇ ಇಲ್ಲ. ಒತ್ತಿದ ಮೇಲೆ ಬೇಕಾಗುವ ದೂರ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. 60ರ ಬದಲು 80ರಲ್ಲಿ ಹೋದರೆ ಆ ದೂರ ಒಂದೂಮುಕ್ಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿಯಾಗುತ್ತದೆ. ಇದು ಎಲ್ಲ ಗಾಡಿಗೂ ಒಂದೇ, ಸರಿ. ಆದರೆ ನಿನ್ನ ಮುಂದಿರುವ ಸಣ್ಣ ಕಾರು ಹಗುರ, ಕೆಳಗೆ ಕೂತಿದೆ, ಅದರ ಟಯರು ಡಾಂಬರಿಗೆಂದೇ ಮಾಡಿದ್ದು. ಅದು ತಟ್ಟನೆ ನಿಂತ ಜಾಗದಲ್ಲಿ ನಿನ್ನದು ನಿಲ್ಲುವುದಿಲ್ಲ. ಅದರ ಹಿಂದೆ ಅಂಟಿಕೊಂಡು ಹೋಗಬೇಡ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಈಗ ಪಲ್ಟಿಯ ವಿಷಯ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ, ಆದರೂ ಬರೆಯುತ್ತೇನೆ. ಗಾಡಿಯ ಎಡ, ಬಲ ಚಕ್ರಗಳ ನಡುವಿನ ಅಗಲವನ್ನು ಅದರ ಭಾರದ ಕೇಂದ್ರ ಇರುವ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಪಲ್ಟಿಯ ಅಪಾಯ ಅಳೆಯುವುದಕ್ಕೆ ಅದನ್ನೇ ಬಳಸುತ್ತದೆ. ಸಾಮಾನ್ಯ ಕಾರುಗಳದ್ದು ಹೆಚ್ಚಾಗಿ 1.3ರಿಂದ 1.5. ಎತ್ತರದ ಗಾಡಿಗಳದ್ದು 1.0ರಿಂದ 1.3. ಅಂಕಿ ಇಳಿದಷ್ಟೂ ಮಗುಚುವುದು ಸುಲಭ. ಲಿಫ್ಟ್ ಕಿಟ್ ಹಾಕಿಸಿದಾಗ ನೀನು ಆ ಅಂಕಿಯನ್ನು ಇನ್ನೂ ಕೆಳಕ್ಕೆ ಇಳಿಸಿದೆ. ಮೇಲೆ ಕ್ಯಾರಿಯರ್ ಹಾಕಿ, ಅದರ ಮೇಲೆ ಟೆಂಟು, ನೀರಿನ ಕ್ಯಾನು, ಇನ್ನೊಂದು ಸ್ಟೆಪ್ನಿ ಕಟ್ಟಿದರೆ ಇನ್ನೂ ಇಳಿಯುತ್ತದೆ. ಭಾರದ ಸಾಮಾನು ಗಾಡಿಯೊಳಗೆ, ಕೆಳಗೆ, ಹಿಂದಿನ ಸೀಟಿಗೆ ಒತ್ತಿ ಕಟ್ಟಿರಬೇಕು. ಜಾಕು, ಶಾಕಲ್ (ಗಾಡಿ ಎಳೆಯಲು ಹಗ್ಗ ಸಿಕ್ಕಿಸುವ ಕೊಂಡಿ) ಸುಮ್ನೆ ನೆಲದ ಮೇಲೆ ಬಿದ್ದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಅವು ನಿನ್ನ ತಲೆಯ ಕಡೆಗೇ ಬರುತ್ತವೆ.

2020ರಲ್ಲಿ ಅಮೆರಿಕದ ಐಐಎಚ್‌ಎಸ್ ಎಂಬ ರಸ್ತೆ ಸುರಕ್ಷತಾ ಸಂಶೋಧನಾ ಸಂಸ್ಥೆ ಜೀಪ್ ರ್‍ಯಾಂಗ್ಲರ್‌ನ ಕ್ರ್ಯಾಶ್ ಟೆಸ್ಟ್ ಫಲಿತಾಂಶ ಪ್ರಕಟಿಸಿತು. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗಾಡಿಯ ಮುಂಭಾಗದ ಒಂದು ಮೂಲೆ ಮಾತ್ರ ತಡೆಗೆ ತಾಗುವ ಪರೀಕ್ಷೆ. ಒಳಗೆ ಮನುಷ್ಯನ ಬದಲು ಕೂರಿಸಿದ ಡಮ್ಮಿ ಗೊಂಬೆಯ ಜಾಗ ಚೆನ್ನಾಗಿಯೇ ಉಳಿಯಿತು, ಆದರೆ ಗಾಡಿ ಮಗ್ಗುಲಿಗೆ ಬಿತ್ತು. ಇನ್ನೊಮ್ಮೆ ಮಾಡಿದರು, ಮತ್ತೆ ಮಗ್ಗುಲಿಗೇ ಬಿತ್ತು. ನೋಡು, 64. ನೀನು ದಿನಾ ಆಫೀಸಿಗೆ ಹೋಗುವಾಗ ದಾಟುವ ವೇಗ ಅದು.

ಹೆಚ್ಚಾಗಿ ಪಲ್ಟಿ ಮಾಡಿಸುವುದು ಗಾಬರಿಯಲ್ಲಿ ತಿರುಗಿಸಿದ ಸ್ಟೇರಿಂಗು. ನಾಯಿ ಅಡ್ಡ ಬಂತು ಅಂತ ಒಂದು ಕಡೆಗೆ ಎಳೆದು, ರಸ್ತೆ ಬಿಟ್ಟು ಹೋಗುತ್ತಿದ್ದೇನೆ ಅಂತ ತಕ್ಷಣ ಇನ್ನೊಂದು ಕಡೆಗೆ ಎಳೆದರೆ, ಮೊದಲ ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲಿದ ಗಾಡಿ ಎರಡನೆಯದರಲ್ಲಿ ಇನ್ನೂ ಜೋರಾಗಿ ಈ ಪಕ್ಕಕ್ಕೆ ಬರುತ್ತದೆ. ಮೆತ್ತಗಿನ, ಉದ್ದ ಸ್ಪ್ರಿಂಗು ಅದನ್ನು ತಡೆಯುವುದಿಲ್ಲ. ಅದಕ್ಕೇ ನೆಟ್ಟಗೆ ಬ್ರೇಕ್ ಒತ್ತು, ವೇಗ ಇಳಿದ ಮೇಲೆ ತಿರುಗಿಸು. ಒಂದು ಚಕ್ರ ರಸ್ತೆಯಂಚು ಬಿಟ್ಟು ಮಣ್ಣಿಗೆ ಇಳಿದರೂ ತಟ್ಟನೆ ಮೇಲಕ್ಕೆ ಎಳೆಯಬೇಡ, ಆಕ್ಸಿಲರೇಟರಿನಿಂದ ಕಾಲು ತೆಗೆದು ನಿಧಾನವಾಗಿಸಿ ಆಮೇಲೆ ಹತ್ತಿಸು. 60, 70ರಲ್ಲಿ ಇದಕ್ಕೆಲ್ಲ ಹೊತ್ತು ಸಿಗುತ್ತದೆ. 110ರಲ್ಲಿ ಸಿಗುವುದಿಲ್ಲ. ನಿನ್ನ ಗಾಡಿಯಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಕೂಡ ಇಲ್ಲ, ನೆನಪಿರಲಿ.

ಇಡೀ ಆಕ್ಸಲ್ಲಿನ ಗಾಡಿಗೆ ಬರುವ ಇನ್ನೊಂದು ಕಾಯಿಲೆ ಡೆತ್ ವಾಬಲ್. ಸೇತುವೆ ಶುರುವಾಗುವ ಕಡೆ ರಸ್ತೆಗೂ ಕಾಂಕ್ರೀಟಿಗೂ ನಡುವೆ ಒಂದು ಸಂದು ಇರುತ್ತದಲ್ಲ, ಅಂಥ ಕಡೆ ಒಂದು ಚಕ್ರ ಬಡಿಯುತ್ತದೆ, ಅಷ್ಟೇ. ಮುಂದಿನ ಎರಡು ಚಕ್ರವೂ ಎಡಕ್ಕೆ ಬಲಕ್ಕೆ ಹೊಡೆದುಕೊಳ್ಳಲು ಶುರು ಮಾಡುತ್ತವೆ. ನನಗೆ ಒಮ್ಮೆ ಆಗಿದೆ. ಸ್ಟೇರಿಂಗ್ ಎರಡೂ ಕೈಯನ್ನು ಕಿತ್ತುಕೊಳ್ಳುವ ಹಾಗೆ ಅದುರುತ್ತದೆ, ಕನ್ನಡಿಯಲ್ಲಿ ಏನೂ ಕಾಣಿಸುವುದಿಲ್ಲ, ಡ್ಯಾಶ್‌ಬೋರ್ಡ್ ಮೇಲಿದ್ದದ್ದೆಲ್ಲ ಕೆಳಗೆ ಬೀಳುತ್ತದೆ, ಚಕ್ರವೇ ಕಿತ್ತು ಹೋಯಿತು ಅನ್ನಿಸುತ್ತದೆ. ಹಾಗಾದಾಗ ಸ್ಟೇರಿಂಗ್ ಜೊತೆ ಗುದ್ದಾಡಬೇಡ, ಗಟ್ಟಿಯಾಗಿ ನೆಟ್ಟಗೆ ಹಿಡಿ, ಆಕ್ಸಿಲರೇಟರ್ ಬಿಡು, ನಿಧಾನವಾಗಿ ವೇಗ ಇಳಿಸಿ ಅಂಚಿಗೆ ತಗೋ. ಒಂದು ವೇಗಕ್ಕಿಂತ ಕೆಳಗೆ ಬಂದರೆ ತಾನೇ ನಿಲ್ಲುತ್ತದೆ. ಮೆಕ್ಯಾನಿಕ್ ಸ್ಟೇರಿಂಗಿನ ನಡುಕ ತಡೆಯುವ ಡ್ಯಾಂಪರ್ ಬದಲಾಯಿಸಿದರೆ ಸರಿಹೋಗುತ್ತದೆ ಅಂದರು. ಅದು ನಡುಕವನ್ನು ಮುಚ್ಚುತ್ತದೆ, ಕಾರಣ ಬೇರೆ ಇರುತ್ತದೆ. ಟ್ರ್ಯಾಕ್ ಬಾರಿನ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳು) ತುದಿಯ ರಬ್ಬರ್ ಬುಷ್ ಸವೆದಿರುವುದು, ಬೋಲ್ಟ್ ಸಡಿಲವಾಗಿರುವುದು, ಚಕ್ರ ತಿರುಗುವ ಕೀಲು ಬಾಲ್ ಜಾಯಿಂಟ್ ಹೋಗಿರುವುದು, ಟಯರ್ ಬ್ಯಾಲೆನ್ಸ್ ಇಲ್ಲದಿರುವುದು. ನನ್ನದರಲ್ಲಿ ಟ್ರ್ಯಾಕ್ ಬಾರಿನ ಬುಷ್ಷೇ ಆಗಿತ್ತು. ಕಂಡುಹಿಡಿಯುವುದು ಕಷ್ಟವಲ್ಲ. ಚಕ್ರ ನೆಲದ ಮೇಲೇ ಇರಲಿ, ಇಂಜಿನ್ ಆನ್ ಇರಲಿ, ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಅಡ್ಡ ಇಟ್ಟಿರಬೇಕು. ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸುತ್ತಿರಲಿ. ನೀನು ಪಕ್ಕದಿಂದ ಬಗ್ಗಿ ಟ್ರ್ಯಾಕ್ ಬಾರಿನ ಎರಡು ತುದಿ ನೋಡು. ಬೋಲ್ಟು ತೂತಿನೊಳಗೆ ಕೂದಲೆಳೆಯಷ್ಟು ಜರುಗಿದರೂ ಕಾಣಿಸುತ್ತದೆ. ಅಷ್ಟು ಸಾಕು, ಹೆದ್ದಾರಿಯ ವೇಗದಲ್ಲಿ ಅದೇ ದೊಡ್ಡದಾಗುತ್ತದೆ.

ಟಯರಿನ ಗಾಳಿಯ ಬಗ್ಗೆ ನಿನಗೆ ಹೇಳಬೇಕಾಗಿಲ್ಲ, ಮರಳಲ್ಲಿ 15, 18 ಪಿಎಸ್‌ಐಗೆ ಇಳಿಸುವುದು ನನಗಿಂತ ಚೆನ್ನಾಗಿ ನಿನಗೇ ಬರುತ್ತದೆ. ವಾಪಸ್ ಬರುವಾಗಿನ ಮಾತು ಹೇಳುತ್ತೇನೆ. ಸಂಜೆಯಾಗಿದೆ, ಎಲ್ಲರಿಗೂ ಸುಸ್ತು, ಕಂಪ್ರೆಸರ್ ನಿಧಾನ, "ಮುಂದೆ ಬಂಕಿನಲ್ಲಿ ಹಾಕಿದರಾಯಿತು" ಅಂತ ಹಾಗೇ ಹೆದ್ದಾರಿ ಹತ್ತುವವರನ್ನು ನೋಡಿದ್ದೇನೆ. ಗಾಳಿ ಕಮ್ಮಿ ಇದ್ದಾಗ ಟಯರಿನ ಪಕ್ಕದ ಗೋಡೆ ಒಂದೊಂದು ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ, ಬಿಸಿಯಾಗುತ್ತದೆ, ವೇಗ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ. 2000ದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟಯರು ವಾಪಸ್ ಕರೆಸಿತ್ತು, ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಇದ್ದವು. ಓಡುವಾಗಲೇ ಟ್ರೆಡ್ಡು (ರಸ್ತೆಗೆ ತಾಗುವ ಮೇಲಿನ ರಬ್ಬರು) ಕಿತ್ತು ಬಂದು ಗಾಡಿಗಳು ಮಗುಚಿ ಜನ ಸತ್ತಿದ್ದರು. ಟಯರಿನ ದೋಷದ ಜೊತೆ ಕಮ್ಮಿ ಗಾಳಿ, ಬಿಸಿಲು, ಭಾರ, ಹೆದ್ದಾರಿಯ ವೇಗದ ಮಾತೂ ಆಗ ಬಂದಿತ್ತು. ಡಾಂಬರು ಮುಟ್ಟುವ ಮೊದಲೇ ಗಾಳಿ ತುಂಬಿಸು, ಎಷ್ಟೇ ಹೊತ್ತಾಗಲಿ. ಫೋರ್ ವೀಲ್ ಡ್ರೈವನ್ನೂ ಅಲ್ಲೇ ಆಫ್ ಮಾಡಿಬಿಡು. ನಿನ್ನದು ಪಾರ್ಟ್ ಟೈಮ್, ಅಂದರೆ ಬೇಕಾದಾಗ ಮಾತ್ರ ಹಾಕುವಂಥದ್ದು, ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ, ಒಣ ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಂದನ್ನೊಂದು ಎಳೆದಾಡುತ್ತವೆ.

ಇನ್ನು ರಸ್ತೆಯಲ್ಲಿ ಇರುವ ಬೇರೆಯವರ ಬಗ್ಗೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ನಿನ್ನ ಗಾಡಿಯ ಬಾನೆಟ್ಟು ಒಂದು ಮಗುವಿನ ತಲೆಗಿಂತ ಎತ್ತರ. ಅದರ ಮುಂದೆ ಯಾರಾದರೂ ಬಗ್ಗಿ ಏನಾದರೂ ಎತ್ತಿಕೊಳ್ಳುತ್ತಿದ್ದರೆ ನೀನು ಕೂತ ಜಾಗಕ್ಕೆ ಕಾಣಿಸುವುದೇ ಇಲ್ಲ. ಐಐಎಚ್‌ಎಸ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾನೆಟ್ಟಿನ ಎತ್ತರ 40 ಇಂಚಿಗಿಂತ ಜಾಸ್ತಿ ಇರುವ ಗಾಡಿ ನಡೆದು ಹೋಗುವವರಿಗೆ ಬಡಿದರೆ, 30 ಇಂಚು ಅಥವಾ ಅದಕ್ಕಿಂತ ಕಮ್ಮಿ ಎತ್ತರದ, ಇಳಿಜಾರು ಮೂತಿಯ ಕಾರಿಗಿಂತ ಸಾವಿನ ಸಾಧ್ಯತೆ ಸುಮಾರು ನೂರಕ್ಕೆ 45ರಷ್ಟು ಜಾಸ್ತಿ ಅಂತ ಕಂಡುಬಂತು. ಕಾರು ಕಾಲಿಗೆ ಬಡಿಯುತ್ತದೆ, ನಮ್ಮ ಗಾಡಿ ಎದೆಗೆ, ತಲೆಗೆ ಬಡಿಯುತ್ತದೆ. ಊರೊಳಗೆ 50ಕ್ಕೂ 30ಕ್ಕೂ ಇರುವ ವ್ಯತ್ಯಾಸ ನಿನಗೆ ಎರಡು ನಿಮಿಷ. ಎದುರಿಗೆ ಇರುವವರಿಗೆ ಅದು ಪ್ರಾಣ.

ಹಿಂದಿನಿಂದ ದೊಡ್ಡ ಗಾಡಿ ಬರುವುದು ಕನ್ನಡಿಯಲ್ಲಿ ಕಂಡರೆ ಸಣ್ಣ ಕಾರಿನವರು ಹೆದರಿ ಪಕ್ಕಕ್ಕೆ ಸರಿಯುತ್ತಾರೆ. ಕೆಲವರಿಗೆ ಅದೇ ಒಂದು ಅಭ್ಯಾಸವಾಗಿಬಿಡುತ್ತದೆ, ಹತ್ತಿರ ಹೋಗಿ ಲೈಟು ಹೊಡೆದು ದಾರಿ ಬಿಡಿಸಿಕೊಳ್ಳುವುದು. ನೀನು ಹಾಗೆ ಮಾಡುವವಳಲ್ಲ ಅಂತ ಗೊತ್ತು, ಆದರೂ ಜೋರು ಬೆಳಕಿನ ಲೈಟ್ ಬಾರ್ ರಸ್ತೆಯಲ್ಲಿ ಹಾಕಬೇಡ, ಲಿಫ್ಟ್ ಮಾಡಿಸಿದ ಮೇಲೆ ಹೆಡ್‌ಲೈಟನ್ನೂ ಕೆಳಕ್ಕೆ ಸೆಟ್ ಮಾಡಿಸಿಲ್ಲ ಅನ್ನಿಸುತ್ತದೆ, ಮಾಡಿಸು. ನಿನಗೆ ಬೇರೆ ಥರದ ಒತ್ತಡ ಬರುತ್ತದೆ. 80ರಲ್ಲಿ ಹೋಗುತ್ತಿರುವಾಗ ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಜೊತೆಗೆ ಹೊರಟವರು ಮುಂದೆ ಹೋಗಿ "ಎಲ್ಲಿದ್ದೀಯ" ಅಂತ ಫೋನ್ ಮಾಡುತ್ತಾರೆ. ಹಾರ್ನ್ ಹೊಡೆಯುವವನಿಗೆ ದಾರಿ ಕೊಡು, ನಿಧಾನದ ಲೇನಿನಲ್ಲಿರು, ಆದರೆ ಅವನಿಗಾಗಿ ವೇಗ ಏರಿಸಬೇಡ. ಗೆಳೆಯರಿಗೆ ಹೊರಡುವಾಗಲೇ ಹೇಳಿಬಿಡು, ನಾನು ಇಷ್ಟರಲ್ಲೇ ಬರುತ್ತೇನೆ, ಊಟದ ಹೊತ್ತಿಗೆ ಸಿಗೋಣ ಅಂತ. 100 ಕಿಲೋಮೀಟರ್ ದಾರಿಯನ್ನು 100ರ ಬದಲು 80ರಲ್ಲಿ ಹೋದರೆ ಜಾಸ್ತಿ ಹಿಡಿಯುವುದು 15 ನಿಮಿಷ. ಡೀಸೆಲ್ಲೂ ಉಳಿಯುತ್ತದೆ, ನೆಟ್ಟಗೆ ನಿಂತ ಗ್ಲಾಸಿನ ಗಾಡಿಗೆ ಗಾಳಿಯ ತಡೆ ವೇಗದ ಜೊತೆ ತುಂಬಾ ಏರುತ್ತದೆ.

ಇನ್ನೊಂದು ಸಾರಿ ಫೋನ್ ಮಾಡುವಾಗ ಮೂರು ವಿಷಯ ಹೇಳು: ಜಿಪಿಎಸ್ 80 ಅಂದಾಗ ನಿನ್ನ ಮುಳ್ಳು ಎಲ್ಲಿತ್ತು, ನಾಲ್ಕು ಟಯರಿನಲ್ಲೂ ತಣ್ಣಗಿದ್ದಾಗ ಗಾಳಿ ಎಷ್ಟಿತ್ತು, ಪಕ್ಕದ ಗೋಡೆಯ ಮೇಲೆ ಸೈಜಿನ ಕೊನೆಯಲ್ಲಿ ಯಾವ ಅಕ್ಷರ ಇದೆ. ಕ್ಯೂ ಇದ್ದರೆ ಆ ಟಯರಿನ ಮಿತಿ 160, ಎನ್ ಇದ್ದರೆ 140, ಅದು ಟಯರಿಗೆ ಮಾತ್ರ, ಗಾಡಿಗಲ್ಲ. ಟ್ರ್ಯಾಕ್ ಬಾರನ್ನು ನಾನು ಬಂದಾಗ ಇಬ್ಬರೂ ಸೇರಿ ನೋಡೋಣ. ನೀನು ಸ್ಟೇರಿಂಗ್ ಆಡಿಸು, ನಾನು ಕೆಳಗೆ ಬಗ್ಗುತ್ತೇನೆ.

ಪ್ರೀತಿಯಿಂದ,
ಅಮ್ಮ