ಮೂಟೆ ನೆಲ ಮುಟ್ಟಿದ ಮೇಲೆ

ಪ್ರಿಯ ಗೆಳತಿ,

ಯುದ್ಧ ಮತ್ತು ನೆರವಿನ ಬಗ್ಗೆ ನೀನು ಬರೆಯುತ್ತಿರುವ ಪುಸ್ತಕದ ಕರಡು ತಲುಪಿ ಹತ್ತು ದಿನವಾಯಿತು. ಮೂರು ಸಲ ಓದಿದೆ. ಗಾಜಾದ ಮೇಲೆ ಸೇನಾ ವಿಮಾನಗಳು ಆಹಾರದ ಪೆಟ್ಟಿಗೆ ಇಳಿಸುವ ದೃಶ್ಯದಿಂದ ಶುರುಮಾಡಿದ್ದೀಯ. ಪ್ಯಾರಾಚೂಟುಗಳು ಬಿಚ್ಚಿಕೊಳ್ಳುವುದನ್ನು ಮಲ್ಲಿಗೆ ಅರಳುವುದಕ್ಕೆ ಹೋಲಿಸಿದ್ದೀಯ. ಹೋಲಿಕೆ ಚೆಂದವಾಗಿದೆ. ನನಗೆ ಕಳವಳವಾದದ್ದೂ ಅದರಿಂದಲೇ. 2024ರ ಮಾರ್ಚ್ 8ರಂದು ಅಲ್ಲಿ ಅಂಥದ್ದೇ ಒಂದು ಪ್ಯಾರಾಚೂಟ್ ಬಿಚ್ಚಿಕೊಳ್ಳದೆ, ಪೆಟ್ಟಿಗೆ ಕೆಳಗಿದ್ದವರ ಮೇಲೆ ಬಿದ್ದು ಐವರು ಸತ್ತ ವರದಿ ಬಂತು. ಅನ್ನಕ್ಕಾಗಿ ಕತ್ತೆತ್ತಿ ನಿಂತಿದ್ದ ಜನ ಅವರು. ನಿನ್ನ ಮೊದಲ ಅಧ್ಯಾಯ ಮಲ್ಲಿಗೆ ಅರಳುವಲ್ಲಿಗೇ ಮುಗಿದುಹೋಗುತ್ತದೆ. ನೆಲದ ಮೇಲೆ ಏನಾಯಿತು ಎಂಬುದು ನನಗೆ ಸಿಗಲಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ, ನಿನ್ನ ವಯಸ್ಸಿನಲ್ಲೇ. ಅದನ್ನು ಹೇಳಲೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

1987ರ ಜೂನ್. ನಾನಾಗ ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳ ವಿರುದ್ಧ ಶ್ರೀಲಂಕಾದ ಸೇನೆ ಜಾಫ್ನಾ ಪರ್ಯಾಯ ದ್ವೀಪದ ವಡಮರಾಚ್ಚಿ ಪ್ರದೇಶದ ಮೇಲೆ ದಾಳಿ ಶುರುಮಾಡಿತ್ತು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಆ ಭಾಗಕ್ಕೆ ಸಾಮಾನು ಹೋಗದಂತೆ ದಿಗ್ಬಂಧನ ಹಾಕಿದ್ದರು. ಭಾರತ ರೆಡ್‌ಕ್ರಾಸ್ ಬಾವುಟ ಕಟ್ಟಿದ ಮೀನುಗಾರರ ದೋಣಿಗಳಲ್ಲಿ ನೆರವು ಕಳಿಸಿತು. ಲಂಕಾದ ನೌಕಾಪಡೆ ಅವನ್ನು ನಡುಗಡಲಲ್ಲಿ ತಡೆದು ವಾಪಸು ಕಳಿಸಿತು. ಜೂನ್ 4ರಂದು ಐದು ಆಂಟನೋವ್-32 ವಿಮಾನಗಳು ನಮ್ಮ ಬೆಂಗಳೂರಿನಲ್ಲೇ ಸಾಮಾನು ತುಂಬಿಕೊಂಡು ಜಾಫ್ನಾಕ್ಕೆ ಹಾರಿದವು. ಕಾವಲಿಗೆ ಮಿರಾಜ್ 2000 ಯುದ್ಧವಿಮಾನಗಳು. ಒಳಗೆ ಮೂಟೆಗಳ ಜೊತೆ ಪತ್ರಕರ್ತರೂ ಇದ್ದರು. ಸುಮಾರು 25 ಟನ್ ಆಹಾರ, ಔಷಧಿ ಇಳಿಸಿ ಬಂದರು. ಕಾರ್ಯಾಚರಣೆಗೆ ಇಟ್ಟ ಹೆಸರು 'ಪೂಮಾಲೈ'. ನಮ್ಮ ಭಾಷೆಯಲ್ಲಿ ಹೂಮಾಲೆ.

ಆ ರಾತ್ರಿ ನಾನು ಕೊಟ್ಟ ತಲೆಬರಹ ಇಂದಿಗೂ ನೆನಪಿದೆ: 'ಹಸಿದ ಜಾಫ್ನಾಕ್ಕೆ ಬೆಂಗಳೂರಿನ ಅನ್ನ'. ಬೆನ್ನು ತಟ್ಟಿಸಿಕೊಂಡೆ. ಒಂದು ಸಣ್ಣ ಲೆಕ್ಕ ಮಾಡಲು ಮರೆತಿದ್ದೆ. ಜಾಫ್ನಾದಲ್ಲಿ ಐದೇ ಲಕ್ಷ ಜನ ಎಂದು ಹಿಡಿದರೂ 25 ಟನ್ ಎಂದರೆ ತಲೆಗೆ ಐವತ್ತು ಗ್ರಾಂ. ಒಂದು ಹಿಡಿ ಅಕ್ಕಿ. ಒಂದು ಹಿಡಿ ಅಕ್ಕಿಗೆ ಯುದ್ಧವಿಮಾನದ ಕಾವಲು ಏಕೆ ಬೇಕಿತ್ತು ಎಂದು ಡೆಸ್ಕಿನಲ್ಲಿ ಒಬ್ಬರೂ ಕೇಳಲಿಲ್ಲ. ಆ ಮೂಟೆಗಳು ನಿಜವಾಗಿ ಕೊಲಂಬೊದಲ್ಲಿದ್ದ ಲಂಕಾ ಸರ್ಕಾರಕ್ಕೆ ಕಳಿಸಿದ ಎಚ್ಚರಿಕೆಯಾಗಿದ್ದವು. ಎಂಟು ವಾರ ಕಳೆಯುವುದರೊಳಗೆ, ಜುಲೈ 29ರಂದು, ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು. ಮರುದಿನದಿಂದ ನಮ್ಮ ಶಾಂತಿಪಾಲನಾ ಪಡೆ ಅಲ್ಲಿಗೆ ಇಳಿಯತೊಡಗಿತು. ಆ ಸೈನಿಕರಿಗೆ ಜಾಫ್ನಾದ ಜನ ನಿಜವಾದ ಹೂಮಾಲೆಯನ್ನೇ ಹಾಕಿ ಸ್ವಾಗತಿಸಿದರು.

ಅಕ್ಟೋಬರ್ 10ರ ಹೊತ್ತಿಗೆ ಅದೇ ಪಡೆ ಎಲ್‌ಟಿಟಿಇ ಜೊತೆ ಯುದ್ಧಕ್ಕೆ ಇಳಿದಿತ್ತು. ಈ ಸಲದ ಹೆಸರು 'ಪವನ್'. ಅಕ್ಟೋಬರ್ 21, ದೀಪಾವಳಿಯ ದಿನ, ನಮ್ಮ ಸೈನಿಕರು ಜಾಫ್ನಾದ ದೊಡ್ಡಾಸ್ಪತ್ರೆಗೆ ನುಗ್ಗಿದರು. ರೋಗಿಗಳು, ದಾದಿಯರು, ವೈದ್ಯರು, ಕೆಲಸಗಾರರು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಮರುದಿನ ಬೆಳಿಗ್ಗೆ ಮಕ್ಕಳ ವೈದ್ಯ ಡಾ. ಶಿವಪಾದಸುಂದರಂ ಕೈ ಮೇಲೆತ್ತಿಕೊಂಡು, ನಾವು ಡಾಕ್ಟರು, ನರ್ಸುಗಳು ಎನ್ನುತ್ತ ಹೊರಬಂದರು. ಅವರಿಗೂ ಗುಂಡು ಬಿತ್ತು. ಆಸ್ಪತ್ರೆಯೊಳಗಿಂದ ಹುಲಿಗಳು ಗುಂಡು ಹಾರಿಸಿದರು ಎಂಬುದು ಸೇನೆಯ ಮಾತು. ಹುಲಿಗಳು ಆಯುಧ ಹಿಡಿದು ಒಳಗೆ ಬಂದಿದ್ದನ್ನು ಜಾಫ್ನಾ ವಿಶ್ವವಿದ್ಯಾಲಯದ ಅಧ್ಯಾಪಕರೂ ದಾಖಲಿಸಿದ್ದಾರೆ. ಹಾಸಿಗೆಯ ಮೇಲಿದ್ದವರನ್ನು ಕೊಂದದ್ದು ಅದರಿಂದ ಸರಿಯಾಗುವುದಿಲ್ಲ. ಹಾಗೆಂದು ಅದನ್ನು ಬರೆಯದೆ ಬಿಡುವುದೂ ಸರಿಯಲ್ಲ. ಎರಡನ್ನೂ ಬರೆದ ಅಧ್ಯಾಪಕರಲ್ಲಿ ರಜನಿ ತಿರಣಗಾಮ ಒಬ್ಬರು, ವೈದ್ಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದವರು. 1989ರ ಸೆಪ್ಟೆಂಬರ್ 21ರಂದು ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಂದರು. ಹುಲಿಗಳೇ ಕೊಂದರು ಎಂದು ಅವರ ಸಂಗಾತಿಗಳು ಹೇಳುತ್ತ ಬಂದಿದ್ದಾರೆ. ಅವರಿಗೆ ಆಗ 35 ವರ್ಷ. ನೀನು ನನ್ನ ಬರವಣಿಗೆಯನ್ನು ಹೊಗಳಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಜೂನ್ ತಿಂಗಳ ಸುದ್ದಿಗೆ ಮುಖಪುಟ ಕೊಟ್ಟ ನಾನು ಅಕ್ಟೋಬರಿನ ಸುದ್ದಿಗೆ ಏನು ಕೊಟ್ಟೆ? ಒಳಪುಟದಲ್ಲಿ ಸರ್ಕಾರಿ ಪ್ರಕಟಣೆಯ ನಾಲ್ಕು ಸಾಲು.

ಎಷ್ಟೋ ವರ್ಷಗಳ ನಂತರ ಕೊಡಗಿನಲ್ಲಿ ಆ ಪಡೆಯಲ್ಲಿದ್ದ ನಿವೃತ್ತ ಹವಾಲ್ದಾರರೊಬ್ಬರ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆದೆ. ಆಗಸ್ಟಿನಲ್ಲಿ ಪಹರೆಗೆ ಹೋದಾಗ ಒಂದು ಮನೆಯ ಅಜ್ಜಿ ಇವರಿಗೆ ಮಜ್ಜಿಗೆ ಕೊಡುತ್ತಿದ್ದಳಂತೆ. ಅಕ್ಟೋಬರಿನಲ್ಲಿ ಅದೇ ಮನೆಯ ಬಾಗಿಲು ಒದ್ದು ಒಳಹೋದರು. ಅಜ್ಜಿ ಇರಲಿಲ್ಲ. ಮಜ್ಜಿಗೆಯ ಚೊಂಬು ಜಗಲಿಯ ಮೇಲೇ ಇತ್ತು. 'ಚೊಂಬನ್ನು ನೋಡಲು ಆಗಲಿಲ್ಲ' ಎಂದರು, ಆಮೇಲೆ ತೋಟ ತೋರಿಸುತ್ತೇನೆ ಬನ್ನಿ ಎಂದು ಎದ್ದರು. 1990ರ ಮಾರ್ಚಿನಲ್ಲಿ ಪಡೆ ವಾಪಸಾಗುವ ಹೊತ್ತಿಗೆ ನಮ್ಮ ಸುಮಾರು 1200 ಸೈನಿಕರೂ ಸತ್ತಿದ್ದರು. ಅವರ ಮನೆಗಳಿಗೂ ಹೋಗು. ಸೈನಿಕನನ್ನು ದ್ವೇಷಿಸಿಕೊಂಡು ಈ ವಿಷಯ ಬರೆಯಲಾಗದು. ಅಕ್ಕಿಮೂಟೆಯನ್ನೂ ಬಂದೂಕನ್ನೂ ಅವನ ಹೆಗಲಿಗೆ ಒಟ್ಟಿಗೇ ಹೊರಿಸಿದವರು ಯಾರು ಎಂದು ಕೇಳಬೇಕು.

ಎರಡನ್ನೂ ಒಟ್ಟಿಗೆ ಹೊರಿಸಿದರೆ ಆಗುವುದೇನು ಎಂಬುದಕ್ಕೆ ಅಫ್ಘಾನಿಸ್ತಾನವನ್ನು ನೋಡು. 2001ರ ಅಕ್ಟೋಬರಿನಲ್ಲಿ ಅಮೆರಿಕ ಬಾಂಬುಗಳ ಜೊತೆಗೇ ಊಟದ ಪೊಟ್ಟಣಗಳನ್ನೂ ಉದುರಿಸಿತು. ಪೊಟ್ಟಣದ ಬಣ್ಣ ಹಳದಿ, ಗಾಳಿಯಲ್ಲಿ ಒಡೆದು ಸಣ್ಣ ಬಾಂಬುಗಳನ್ನು ಚೆಲ್ಲುವ ಕ್ಲಸ್ಟರ್ ಬಾಂಬಿನ ಮರಿಗಳ ಬಣ್ಣವೂ ಹಳದಿ. ಮಕ್ಕಳು ಗುರುತಿಸುವುದು ಹೇಗೆ? ರೇಡಿಯೊದಲ್ಲಿ ಎಚ್ಚರಿಕೆ ಕೊಡಬೇಕಾಯಿತು, ಕೊನೆಗೆ ಪೊಟ್ಟಣದ ಬಣ್ಣ ಬದಲಿಸಬೇಕಾಯಿತು. 2004ರಲ್ಲಿ ದಕ್ಷಿಣದ ಹಳ್ಳಿಗಳಲ್ಲಿ ಅಮೆರಿಕ ನೇತೃತ್ವದ ಸೇನೆ ಕರಪತ್ರ ಹಂಚಿತು: ನೆರವು ಮುಂದುವರಿಯಬೇಕಾದರೆ ತಾಲಿಬಾನ್, ಅಲ್‌ಖೈದಾ ಬಗ್ಗೆ ಮಾಹಿತಿ ಕೊಡಿ. ಎಂಎಸ್‌ಎಫ್ ಎಂದು ಹೆಸರಾದ 'ಗಡಿಯಿಲ್ಲದ ವೈದ್ಯರು' ಸಂಸ್ಥೆ ಇದನ್ನು ಬಹಿರಂಗವಾಗಿ ಪ್ರತಿಭಟಿಸಿತು. ಅದೇ ವರ್ಷ ಜೂನ್ 2ರಂದು ಬಾದ್ಘಿಸ್ ಪ್ರಾಂತ್ಯದಲ್ಲಿ ಅದರ ಐವರು ಕಾರ್ಯಕರ್ತರನ್ನು ರಸ್ತೆಯಲ್ಲಿ ಕೊಂದರು. 24 ವರ್ಷ ಅಲ್ಲಿ ದುಡಿದ ಸಂಸ್ಥೆ ಜುಲೈನಲ್ಲಿ ದೇಶ ಬಿಡುವುದಾಗಿ ಘೋಷಿಸಿತು. ಕರಪತ್ರದಿಂದಲೇ ಕೊಲೆಯಾಯಿತು ಎಂದು ಬರೆಯಬೇಡ, ಅಷ್ಟು ನೇರವಾದ ದಾರಿ ಇಲ್ಲಿ ಕಾಣುವುದಿಲ್ಲ. ಆದರೆ ಹಳ್ಳಿಯ ತಾಯಿಯೊಬ್ಬಳ ಜಾಗದಲ್ಲಿ ನಿಂತು ಯೋಚಿಸು. ಜ್ವರದ ಮಗುವನ್ನು ಎತ್ತಿಕೊಂಡು ಬಂದಿದ್ದಾಳೆ. ಎದುರಿಗೆ ಕುಳಿತವನು ಡಾಕ್ಟರೋ ಬೇಹುಗಾರನೋ ಎಂದು ಅವಳು ಅನುಮಾನಿಸಬೇಕಾಗಿ ಬಂದರೆ, ಮಗುವನ್ನು ಎತ್ತಿಕೊಂಡು ಹಿಂದಿರುಗುತ್ತಾಳೆ. ಆ ಸಾವು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಬರೆಯುವವರಿಗೆ ಇರುವ ಕೆಲಸ ಅಂಥ ಕಡೆ ಇದೆ.

ಇದನ್ನೆಲ್ಲ ಓದಿ ನೆರವೇ ಮೋಸ ಎಂದು ಬರೆಯಲು ಹೊರಡಬೇಡ. ಹಾಗೆ ಬರೆಯುವುದು ಸುಲಭ, ಹಸಿದವರಿಗೆ ಅದರಿಂದ ಪ್ರಯೋಜನವಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇದೇ ಭಾರತದ ನೌಕಾಪಡೆ ಒಂದು ದಿನದೊಳಗೆ ಲಂಕೆಗೆ ನೆರವು ಮುಟ್ಟಿಸಿತು. ಅಷ್ಟು ಬೇಗ ಹೋಗಬಲ್ಲ ಹಡಗು, ಹೆಲಿಕಾಪ್ಟರು ಬೇರೆ ಯಾರ ಬಳಿಯಿತ್ತು? ಅಲೆಗೆ ಶತ್ರು ಯಾರೂ ಇರಲಿಲ್ಲ. ಯುದ್ಧದಲ್ಲಿ ಹಾಗಲ್ಲ, ಅಲ್ಲಿ ಹಡಗಿನ ಬಾವುಟವನ್ನು ಎಲ್ಲರೂ ಓದುತ್ತಾರೆ.

ಇನ್ನು ಅದೇ ಜಾಫ್ನಾ ಆಸ್ಪತ್ರೆಯ ಮಾತು. ನಿನ್ನ ಬರಹದಲ್ಲಿ ಎಲ್ಲೂ ಇಲ್ಲದ, ಆದರೆ ಇರಲೇಬೇಕಾದ ಭಾಗ ಇದು. ಭಾರತದ ಪಡೆ ಹೋದ ಮೇಲೆ 1990ರಲ್ಲಿ ಲಂಕಾ ಸೇನೆಗೂ ಹುಲಿಗಳಿಗೂ ಮತ್ತೆ ಯುದ್ಧ ಶುರುವಾಗಿ ಜಾಫ್ನಾ ಆಸ್ಪತ್ರೆ ಮುಚ್ಚಿತು. ಆಗ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯವರು ಎರಡೂ ಕಡೆಯವರೊಂದಿಗೆ ಕುಳಿತು ಮಾತಾಡಿದರು. ನವೆಂಬರಿನಲ್ಲಿ ಒಪ್ಪಂದವಾಯಿತು. ಆಸ್ಪತ್ರೆ ಮತ್ತು ಸುತ್ತಲಿನ ಜಾಗ ರಕ್ಷಿತ ವಲಯ, ಒಳಗೆ ಯಾರ ಆಯುಧವೂ ಬರುವಂತಿಲ್ಲ, ಅದರ ಮೇಲೆ ಯಾರೂ ದಾಳಿ ಮಾಡುವಂತಿಲ್ಲ. ಮೂರು ವರ್ಷ ಹಿಂದೆ ರಕ್ತ ಹರಿದ ಓಣಿಗಳಲ್ಲಿ ಮತ್ತೆ ಹೆರಿಗೆಗಳಾದವು. ಅಲ್ಲಿ ಮಿರಾಜ್ ಇರಲಿಲ್ಲ, ಫೋಟೊ ತೆಗೆಯುವಂಥದ್ದೂ ಏನಿರಲಿಲ್ಲ. ಚಹಾ ಕುಡಿಯುತ್ತ ತಾಸುಗಟ್ಟಲೆ ವಾದ, ನಕ್ಷೆಯ ಮೇಲೊಂದು ಗೆರೆ, ಗೇಟಿನಲ್ಲಿ ನಿಂತು 'ಬಂದೂಕು ಹೊರಗಿಟ್ಟು ಬನ್ನಿ' ಎನ್ನುವ ಒಬ್ಬ ಮನುಷ್ಯ. ಇಂಥದ್ದನ್ನು ಓದಿಸಿಕೊಂಡು ಹೋಗುವಂತೆ ಬರೆಯುವುದು ಮಲ್ಲಿಗೆಯ ಹೋಲಿಕೆಗಿಂತ ಹತ್ತು ಪಟ್ಟು ಕಷ್ಟ. ನಿನ್ನಿಂದ ಆಗುತ್ತದೆ. ನಿನ್ನ ಆರನೆಯ ಪುಟದಲ್ಲಿ ಲಾರಿ ಚಾಲಕನೊಬ್ಬ ಗಡಿಯಲ್ಲಿ ಒಂಬತ್ತು ದಿನ ಕಾದ ವಿವರವಿದೆಯಲ್ಲ, ಅವನ ಹಿಟ್ಟಿನ ಮೂಟೆಗೆ ಹುಳ ಬಿದ್ದದ್ದು, ಅದನ್ನು ಓದಿದಾಗ ನನಗೆ ಈ ಧೈರ್ಯ ಬಂತು. ಪುಸ್ತಕವನ್ನು ಅವನಿಂದ ಶುರುಮಾಡು.

ಡಿಸೆಂಬರಿನಲ್ಲಿ ಜಾಫ್ನಾಕ್ಕೆ ಹೋಗುವೆ ಎಂದಿದ್ದೀಯ. ಸಾಧ್ಯವಾದರೆ ಅಕ್ಟೋಬರಿನಲ್ಲೇ ಹೋಗು. ಪ್ರತಿ ವರ್ಷ 21ರಂದು ಆಸ್ಪತ್ರೆಯವರು ತಮ್ಮ ಸಹೋದ್ಯೋಗಿಗಳನ್ನು ನೆನೆಯುತ್ತಾರೆ. ಬೆಂಗಳೂರಿನಿಂದ ಬಂದವಳು ಎಂದು ಮೊದಲೇ ಹೇಳು, ಮುಚ್ಚಿಡಬೇಡ. ಆ ವಿಮಾನಗಳು ಎಲ್ಲಿಂದ ಬಂದವು ಎಂದು ನೆನಪಿರುವ ಮುದುಕರು ಇನ್ನೂ ಇದ್ದಾರು. ಮೂಟೆ ಯಾರ ಹೊಲದಲ್ಲಿ ಬಿತ್ತು, ಯಾರು ಬಿಚ್ಚಿದರು, ಆ ಸಂಜೆ ಏನು ಅಡುಗೆ ಮಾಡಿದರು ಎಂದು ಕೇಳು. 38 ವರ್ಷಕ್ಕೂ ಹಿಂದೆ ನಾನು ಕೇಳಬೇಕಿದ್ದ ಪ್ರಶ್ನೆಗಳು ಇವು. ಉತ್ತರ ಸಿಕ್ಕರೆ ನನಗೆ ಬರೆದು ಕಳಿಸು. ಕಣ್ಣು ಮಂಜಾಗುತ್ತಿದೆ, ಅಕ್ಷರ ಸ್ವಲ್ಪ ದೊಡ್ಡದಿರಲಿ.

ನಿನ್ನ ಹಿರಿಯ ಗೆಳೆಯ